ಬಿರುಗಾಳಿಯೊಳಗೆ ಹೋಗಿ ಬಂದ ನೆರೆಯವರು

ನಿಮ್ಮ ಪತ್ರದಲ್ಲಿದ್ದ ಎರಡು ಪ್ರಶ್ನೆಗಳನ್ನು ಓದಿದೆ. ಮಿಸಿಸಿಪ್ಪಿ ರಾಜ್ಯದ ಕಡಲಂಚಿನ ಈ ಊರಿಗೆ ಆಸ್ಪತ್ರೆಯ ಕೆಲಸಕ್ಕೆಂದು ಬರಲಿರುವ ನೀವು, ಚಂಡಮಾರುತ ಬಂದರೆ ಹೆಂಡತಿ ಮತ್ತು ಚಿಕ್ಕ ಮಗುವಿನೊಂದಿಗೆ ಹೇಗೆ ನಿಭಾಯಿಸುವುದು ಎಂದು ಕೇಳಿದ್ದೀರಿ. ಬಾಡಿಗೆಗೆ ಹಿಡಿದ ಮನೆಯ ಸುತ್ತಮುತ್ತ ವಾಯುಪಡೆಯಿಂದ ನಿವೃತ್ತರಾದ ಹಿರಿಯರೇ ಇದ್ದಾರಂತೆ, ಅವರೊಡನೆ ಏನೆಂದು ಮಾತಾಡುವುದು ಎಂದೂ ಕೇಳಿದ್ದೀರಿ. 1998ರಿಂದ ಇಲ್ಲಿರುವ ನನ್ನ ಅನುಭವದಲ್ಲಿ, ಎರಡನೆಯದಕ್ಕೆ ಉತ್ತರ ಕಂಡುಕೊಂಡವರಿಗೆ ಮೊದಲನೆಯದರ ಅರ್ಧ ಉತ್ತರ ತಾನಾಗಿಯೇ ಸಿಗುತ್ತದೆ.

ಮೊದಲು ಊರಿನ ಹೆಸರು. ಇಂಗ್ಲಿಷಿನಲ್ಲಿ Biloxi ಎಂದು ಬರೆದರೂ ಇಲ್ಲಿಯವರು ಬಿಲಕ್ಸಿ ಎನ್ನುತ್ತಾರೆ. ನೀವೂ ಹಾಗೆಯೇ ಅನ್ನಿ. ಊರೊಳಗೇ ಇರುವ ಕೀಸ್ಲರ್ ವಾಯುನೆಲೆಯಲ್ಲಿ 53ನೇ ಹವಾಮಾನ ವಿಚಕ್ಷಣಾ ದಳವಿದೆ. ಜನ ಅವರನ್ನು ಹರಿಕೇನ್ ಹಂಟರ್ಸ್ ಎಂದೇ ಕರೆಯುತ್ತಾರೆ. ಡಬ್ಲ್ಯೂಸಿ-130ಜೆ ಎಂಬ ನಾಲ್ಕು ಎಂಜಿನ್ನಿನ ಹತ್ತು ವಿಮಾನಗಳು ಅವರ ಬಳಿಯಿವೆ. ಎಲ್ಲರೂ ತಪ್ಪಿಸಿಕೊಂಡು ಹೋಗುವ ಗಾಳಿಯ ನಡುವಿಗೇ ಇವರು ನುಗ್ಗಿ, ಅಳೆದು, ಆಚೆ ಬದಿಯಿಂದ ಹೊರಬಂದು, ಮತ್ತೆ ತಿರುಗಿ ಒಳಗೆ ಹೋಗುತ್ತಾರೆ. ದಳ ಇಲ್ಲಿಗೆ ಬಂದದ್ದು 1973ರಲ್ಲಿ. ಹಾಗಾಗಿ ಅದರಲ್ಲಿ ದುಡಿದ ಎರಡು ತಲೆಮಾರಿನವರು ಇಲ್ಲಿಯೇ ಮನೆ ಮಾಡಿಕೊಂಡಿದ್ದಾರೆ.

ಅವರನ್ನು ಕಂಡಾಗ "ನಿಮಗೆ ಹೆದರಿಕೆಯಾಗುತ್ತಿರಲಿಲ್ಲವೇ?" ಎಂದು ದಯವಿಟ್ಟು ಕೇಳಬೇಡಿ. ಹೊಸದರಲ್ಲಿ ನಾನೂ ಕೇಳಿದ್ದೆ, ಒಂದು ಮುಗುಳ್ನಗೆ ಸಿಕ್ಕಿತು, ಮಾತು ಅಲ್ಲಿಗೇ ನಿಂತಿತು. ವಿಮಾನದಲ್ಲಿ ಅವರು ಕೂರುತ್ತಿದ್ದ ಸೀಟು ಯಾವುದು ಎಂದು ಕೇಳಿ. ಪೈಲಟ್, ನ್ಯಾವಿಗೇಟರ್, ಹವಾಮಾನ ಅಧಿಕಾರಿ, ಡ್ರಾಪ್‌ಸಾಂಡ್ ಎಂಬ ಅಳತೆಯ ಉಪಕರಣವನ್ನು ವಿಮಾನದಿಂದ ಕೆಳಗೆ ಬಿಡುವವನು, ಹೀಗೆ ಒಬ್ಬೊಬ್ಬರ ನೆನಪಿನಲ್ಲಿ ಅದೇ ಬಿರುಗಾಳಿ ಬೇರೆ ಬೇರೆಯಾಗಿರುತ್ತದೆ. ಕಿಟಕಿಯಿಲ್ಲದ ಕಡೆ ಕೂತವನು ಬಿರುಗಾಳಿಯ ಕಣ್ಣಿನ, ಅಂದರೆ ಅದರ ನಟ್ಟನಡುವಿನ ಶಾಂತ ಭಾಗದ ಸುತ್ತ ಕ್ರೀಡಾಂಗಣದ ಮೆಟ್ಟಿಲಿನಂತೆ ಎದ್ದ ಮೋಡದ ಗೋಡೆಯನ್ನು ವರ್ಣಿಸುವುದಿಲ್ಲ. ಅಲ್ಲಾಡುವ ಪೆನ್ಸಿಲನ್ನು ಹಿಡಿದು ಅಂಕಿ ಬರೆದುಕೊಂಡದ್ದನ್ನು ಹೇಳುತ್ತಾನೆ.

ನಮ್ಮ ಪಕ್ಕದ ಮನೆಯವರು ಇದೇ ಡ್ರಾಪ್‌ಸಾಂಡ್ ಕೆಲಸದವರು. ಅವರ ಗ್ಯಾರೇಜಿನ ಕಪಾಟಿನಲ್ಲಿ ಒಂದು ಇದೆ: ಸುಮಾರು ಮೊಳದುದ್ದದ ರಟ್ಟಿನ ಕೊಳವೆ, ಒಂದು ತುದಿಯಲ್ಲಿ ಕರವಸ್ತ್ರದಂತೆ ಮಡಿಸಿಟ್ಟ ಪುಟ್ಟ ಪ್ಯಾರಾಚೂಟ್. ಕೈಗೆತ್ತಿಕೊಂಡರೆ ಆಟಿಕೆಯಷ್ಟೇ ಹಗುರ. ಹತ್ತು ಸಾವಿರ ಅಡಿಯಿಂದ ಬಿಟ್ಟರೆ ಇದು ನಾಲ್ಕೈದು ನಿಮಿಷದಲ್ಲಿ ಕಡಲಿಗೆ ಬೀಳುತ್ತದೆ. ಬೀಳುವ ಹಾದಿಯುದ್ದಕ್ಕೂ ಒತ್ತಡ, ಉಷ್ಣಾಂಶ, ತೇವಾಂಶ, ಗಾಳಿಯ ವೇಗಗಳನ್ನು ವಿಮಾನಕ್ಕೆ ಕಳಿಸುತ್ತಲೇ ಇರುತ್ತದೆ. 1979ರಲ್ಲಿ ಅವರು ಪೆಸಿಫಿಕ್ ಸಾಗರದ ಗ್ವಾಮ್ ದ್ವೀಪದ 54ನೇ ದಳದಲ್ಲಿದ್ದರು. ಆ ವರ್ಷದ ಅಕ್ಟೋಬರ್ 12ರಂದು ಅದೇ ದಳದ ವಿಮಾನವು ಟಿಪ್ ಎಂಬ ಟೈಫೂನಿನ (ಆ ಕಡೆ ಚಂಡಮಾರುತಕ್ಕೆ ಇರುವ ಹೆಸರು) ಕಣ್ಣಿನಲ್ಲಿ 870 ಮಿಲಿಬಾರ್ ಒತ್ತಡವನ್ನು ಅಳೆಯಿತು. ನಡುವಿನ ಒತ್ತಡ ಇಳಿದಷ್ಟೂ ಬಿರುಗಾಳಿ ಬಲವಾಗಿರುತ್ತದೆ; ಸಮುದ್ರಮಟ್ಟದಲ್ಲಿ ಇದುವರೆಗೆ ದಾಖಲಾದ ಅತಿ ಕಡಿಮೆ ಒತ್ತಡ ಅದೇ. ಈ ಕಥೆಯನ್ನು ಅವರು ಬಹಳ ಗತ್ತಿನಿಂದ ಆರಂಭಿಸಿ, ಕೊನೆಗೆ ಅಂದಿನ ಪಾಳಿ ತಮ್ಮದಾಗಿರಲಿಲ್ಲವೆಂದೂ, ತಾವು ಬ್ಯಾರಕ್ಕಿನಲ್ಲಿ ಬಟ್ಟೆ ಒಗೆಯುತ್ತಿದ್ದೆವೆಂದೂ ಹೇಳಿ ತಾವೇ ಮೊದಲು ನಗುತ್ತಾರೆ.

ಇನ್ನೊಬ್ಬರು ಹವಾಮಾನ ಅಧಿಕಾರಿಯಾಗಿದ್ದವರು. ಅವರ ಕಾಲದಲ್ಲಿ ಕಡಲ ಮೇಲಿನ ಗಾಳಿಯ ವೇಗವನ್ನು ಅಂದಾಜು ಮಾಡುತ್ತಿದ್ದದ್ದು ಕಣ್ಣಿನಿಂದಲೇ. ನೊರೆ ಬಿಡಿಬಿಡಿಯಾಗಿದೆಯೇ, ಗೀರು ಗೀರಾಗಿ ಎಳೆದುಕೊಂಡಿದೆಯೇ, ಅಥವಾ ಇಡೀ ನೀರೇ ಬೆಳ್ಳಗಾಗಿದೆಯೇ ಎಂದು ಮೇಲಿನಿಂದ ನೋಡಿ ಅಂಕಿ ಹೇಳಬೇಕಿತ್ತು. ಕುಂದಾಪುರದ ಕಡೆ ಹುಟ್ಟಿದ ನನಗೆ ಇದು ತೀರ ಹೊಸದೇನಲ್ಲ. ನೀರಿನ ಬಣ್ಣ ನೋಡಿ ದೋಣಿ ಇಳಿಸುವುದೋ ಬೇಡವೋ ಎಂದು ಹೇಳುತ್ತಿದ್ದ ಹಿರಿಯರನ್ನು ನಾನು ಕಂಡಿದ್ದೇನೆ. ಅದನ್ನು ಹೇಳಿದ ದಿನದಿಂದಲೇ ಅವರಿಗೂ ನನಗೂ ಸ್ನೇಹ ಬೆಳೆಯಿತು. ನೀವು ಸಾಗರದವರು, ಆಗುಂಬೆಯ ಮಳೆಯ ಮಾತನ್ನು ತೆಗೆಯಿರಿ. ಕೇಳುವುದಕ್ಕೆ ಅವರು ಕುರ್ಚಿ ಎಳೆದುಕೊಂಡು ಕೂರುತ್ತಾರೆ.

ಈ ಕೆಲಸ ಶುರುವಾದ ಬಗೆಯನ್ನು ಪ್ರತಿಯೊಬ್ಬರೂ ನಿಮಗೆ ಹೇಳಿಯೇ ಹೇಳುತ್ತಾರೆ, ಮೊದಲ ಸಲ ಕೇಳುವವರಂತೆ ಕೇಳಿ. 1943ರ ಜುಲೈ 27ರಂದು ಟೆಕ್ಸಾಸಿನಲ್ಲಿ ಕರ್ನಲ್ ಜೋಸೆಫ್ ಡಕ್‌ವರ್ತ್ ಎಂಬವರು, ತರಬೇತಿಗೆ ಬಂದಿದ್ದ ಬ್ರಿಟಿಷ್ ಪೈಲಟ್‌ಗಳು ತಮ್ಮ ವಿಮಾನವನ್ನು ಗೇಲಿ ಮಾಡಿದರೆಂದು ಪಂತ ಕಟ್ಟಿ, ಒಂದೇ ಎಂಜಿನ್ನಿನ ಎಟಿ-6 ವಿಮಾನದಲ್ಲಿ ಚಂಡಮಾರುತದ ಕಣ್ಣಿಗೆ ಹೋಗಿ ಬಂದರು. ಇಳಿದ ಮೇಲೆ, ತನ್ನನ್ನು ಬಿಟ್ಟು ಹೋದದ್ದೇಕೆ ಎಂದ ಹವಾಮಾನ ಅಧಿಕಾರಿಯನ್ನು ಕೂರಿಸಿಕೊಂಡು ಅದೇ ದಿನ ಎರಡನೆಯ ಸಲವೂ ಹೋದರು.

ಆದರೆ ಎಲ್ಲವೂ ಹೀಗೆ ನಗುತ್ತಾ ಹೇಳುವ ಕಥೆಗಳಲ್ಲ. 1974ರ ಅಕ್ಟೋಬರಿನಲ್ಲಿ ಬೆಸ್ ಎಂಬ ಟೈಫೂನಿನೊಳಗೆ ಹೋದ ಸ್ವಾನ್ 38 ಎಂಬ ಕರೆಹೆಸರಿನ ವಿಮಾನ ಮರಳಲಿಲ್ಲ. ಅದರಲ್ಲಿದ್ದ ಆರು ಜನರಲ್ಲಿ ಒಬ್ಬರೂ ಸಿಗಲಿಲ್ಲ. ಹಾಗೆಯೇ, ಇಲ್ಲಿನ ಹಿರಿಯರಲ್ಲಿ ಕೆಲವರು ವಿಯೆಟ್ನಾಂ ಯುದ್ಧಕಾಲದಲ್ಲಿ ಥಾಯ್ಲೆಂಡಿನ ಉಡೋರ್ನ್ ನೆಲೆಯಲ್ಲಿದ್ದವರು. 1967ರಿಂದ 1972ರವರೆಗೆ ಉತ್ತರ ವಿಯೆಟ್ನಾಂ ಸೇನೆಯ ಸರಬರಾಜು ದಾರಿಯಾದ ಹೋ ಚಿ ಮಿನ್ ಹಾದಿಯನ್ನು ಕೆಸರು ಮಾಡಲೆಂದು ಅಲ್ಲಿಂದ ಇದೇ ಬಗೆಯ ವಿಮಾನಗಳು ಮೋಡಬಿತ್ತನೆ ಮಾಡಿದವು; ಪತ್ರಿಕೆಗಳು 1971-72ರಲ್ಲೇ ಬಯಲಿಗೆಳೆದ ಈ ಸಂಗತಿಯನ್ನು ಸರ್ಕಾರ ಒಪ್ಪಿಕೊಂಡದ್ದು 1974ರಲ್ಲಿ. ಮಳೆಗಾಗಿ ಮುಗಿಲು ನೋಡುತ್ತಾ ಬೆಳೆದ ನನಗೆ ಮಳೆಯನ್ನೇ ಆಯುಧ ಮಾಡಿಕೊಂಡದ್ದು ಇಂದಿಗೂ ಒಪ್ಪಿಗೆಯಾಗದ ಮಾತು. ಅದನ್ನು ಒಬ್ಬರ ಮುಂದೆ ಹೇಳಿಯೂ ಇದ್ದೇನೆ. ಅವರು ಬಹಳ ಹೊತ್ತು ಸುಮ್ಮನಿದ್ದು, ತಾವು ಹೋಗಿದ್ದು ಹವಾಮಾನ ನೋಡುವುದಕ್ಕೆ ಎಂದೇ ಮನೆಗೆ ಪತ್ರ ಬರೆಯುತ್ತಿದ್ದೆವು ಎಂದರು. ಪರಿಚಯ ಮಾಗುವವರೆಗೆ ನೀವು ಈ ವಿಷಯ ಎತ್ತದಿರುವುದು ಒಳ್ಳೆಯದು.

ಇನ್ನು ನಿಮ್ಮ ಮನೆಯವರ ಅಂಜಿಕೆಯ ಮಾತು. 1969ರ ಕಮಿಲ್ ಚಂಡಮಾರುತ ಈ ಕರಾವಳಿಯನ್ನು ಬಡಿದಾಗ ಅದರ ಕೇಂದ್ರದ ಒತ್ತಡ ಸುಮಾರು 900 ಮಿಲಿಬಾರ್ ಇತ್ತು. ಆಗ ಉಳಿದ ಮನೆ ಈಗಲೂ ಉಳಿಯುತ್ತದೆಂದು ನಂಬಿ 2005ರ ಆಗಸ್ಟಿನಲ್ಲಿ ಕತ್ರಿನಾ ಬಂದಾಗ ಅನೇಕರು ಹೊರಡಲಿಲ್ಲ. ಶನಿವಾರ ಸಂಜೆ ನಮ್ಮ ನೆರೆಯವರು ಬಾಗಿಲು ತಟ್ಟಿ, ನಡುವಿನ ಒತ್ತಡದ ಅಂಕಿಯನ್ನಷ್ಟೇ ನೋಡಬೇಡಿ, ಇದರ ಅಗಲ ನೋಡಿ, ನೀರನ್ನು ನೂಕುವುದು ಅಗಲ ಎಂದರು. ಭಾನುವಾರ ನಸುಕಿನಲ್ಲೇ ಉತ್ತರಕ್ಕೆ ಹೊರಟೆವು. ಸೋಮವಾರ 29ರಂದು ದಡ ಮುಟ್ಟಿದಾಗ ಕತ್ರಿನಾ ಕಮಿಲ್‌ಗಿಂತ ದುರ್ಬಲವಾಗಿತ್ತು. ಆದರೂ ಪಾಸ್ ಕ್ರಿಶ್ಚಿಯನ್ ಊರಿನಲ್ಲಿ ಕಮಿಲ್ ತಂದ ನೀರು 24 ಅಡಿಯಾದರೆ ಕತ್ರಿನಾ ತಂದದ್ದು ಸುಮಾರು 28 ಅಡಿ. ಕೀಸ್ಲರ್ ನೆಲೆಗೂ ನೀರು ನುಗ್ಗಿತು. ಮೊದಲೇ ಬೇರೆಡೆಗೆ ಸಾಗಿಸಿದ್ದ ವಿಮಾನಗಳಲ್ಲಿ ದಳದವರು ಹಾರುತ್ತಲೇ ಇದ್ದರು, ಅವರಲ್ಲಿ ಹಲವರ ಸ್ವಂತ ಮನೆಗಳು ಅಷ್ಟರಲ್ಲಿ ಹೋಗಿದ್ದವು.

ನಮ್ಮ ಮನೆಯೊಳಗೆ ನಾಲ್ಕಡಿ ನೀರು ನಿಂತಿತ್ತು. ವಿಮೆಯವರು ಹಾನಿ ಮಾಡಿದ್ದು ಗಾಳಿಯಲ್ಲ, ನೀರು ಎಂದು ಹೇಳಿ ಕೈತೊಳೆದುಕೊಂಡರು. ಬಾಡಿಗೆಯವರಿಗೂ ಮನೆಸಾಮಾನಿಗೆ ಪ್ರತ್ಯೇಕ ಪ್ರವಾಹ ವಿಮೆ ಸಿಗುತ್ತದೆ, ಆದರೆ ಸಾಮಾನ್ಯವಾಗಿ ಕೊಂಡ 30 ದಿನಗಳ ಮೇಲಷ್ಟೇ ಅದು ಜಾರಿಗೆ ಬರುತ್ತದೆ. ಚಂಡಮಾರುತದ ಋತು ಜೂನ್ 1ಕ್ಕೆ ಆರಂಭ. ನೀವು ಮೇ ತಿಂಗಳ ಮೊದಲ ವಾರವೇ ಬರುವುದಾದರೆ ಪೆಟ್ಟಿಗೆ ಬಿಚ್ಚುವ ಮೊದಲು ಆ ಕಾಗದಕ್ಕೆ ಸಹಿ ಹಾಕಿ.