ಲೆಕ್ಕ ಮಾಡುವಾಗ ಮಿದುಳಿಗೆ ಎಷ್ಟು ರಕ್ತ?

ಪ್ರಶ್ನೆ: ಹೆಂಗಸರ ಮಿದುಳಿಗೆ ಗಂಡಸರಿಗಿಂತ ಹೆಚ್ಚು ರಕ್ತ ಹರಿಯುತ್ತದಂತೆ. ಯೋಚಿಸುವಾಗ ಅವರ ಮಿದುಳಿನ ಎರಡೂ ಪಾಲು ಕೆಲಸ ಮಾಡುತ್ತವಂತೆ. ನಿಜವೇ?
– ಶಿಕ್ಷಕಿ, ಶಿರಸಿ

ಉತ್ತರ: ಮೊದಲನೆಯ ಮಾತು ಬಹುಮಟ್ಟಿಗೆ ನಿಜ. 100 ಗ್ರಾಂ ಮಿದುಳಿಗೆ ನಿಮಿಷಕ್ಕೆ ಸುಮಾರು 50 ಮಿ.ಲೀ. ರಕ್ತ ಬೇಕು. ವಯಸ್ಕ ಹೆಂಗಸರಲ್ಲಿ ಈ ಅಂಕಿ ಸರಾಸರಿ ತುಸು ಮೇಲಿರುತ್ತದೆ. ಅಮೆರಿಕದ ಸಂಶೋಧಕ ರೂಬೆನ್ ಗರ್ ಮತ್ತು ಸಂಗಡಿಗರು 1982ರಲ್ಲೇ, ವಿಶ್ರಾಂತಿಯಲ್ಲೂ ಮಾನಸಿಕ ಕೆಲಸದ ನಡುವೆಯೂ ಅಳೆದು ಇದನ್ನು ತೋರಿಸಿದ್ದರು.

ಒಂದು ಕಾರಣ ರಕ್ತದಲ್ಲೇ ಇದೆ. ಆಮ್ಲಜನಕ ಹೊರುವ ಹಿಮೋಗ್ಲೋಬಿನ್ ಹೆಂಗಸರಲ್ಲಿ ಸಾಮಾನ್ಯವಾಗಿ ಗಂಡಸರಿಗಿಂತ ಕಡಿಮೆ. ಹಿಮೋಗ್ಲೋಬಿನ್ 15 ಇರುವವರ 100 ಮಿ.ಲೀ. ರಕ್ತ ಸುಮಾರು 20 ಮಿ.ಲೀ. ಆಮ್ಲಜನಕ ಹೊರುತ್ತದೆ, 12 ಇರುವವರದ್ದು ಸುಮಾರು 16 ಮಿ.ಲೀ. ಮಾತ್ರ. ಮಿದುಳು ಕೇಳುವ ಆಮ್ಲಜನಕ ಅಷ್ಟೇ ಇದ್ದಾಗ ರಕ್ತ ಹೆಚ್ಚು ಹರಿಯಲೇಬೇಕು. ಹೆಂಗಸರಲ್ಲಿ ಹೆಚ್ಚಿರುವ ಹಾರ್ಮೋನು ಈಸ್ಟ್ರೋಜನ್ ಕೂಡ ರಕ್ತನಾಳಗಳನ್ನು ಸಡಿಲಿಸುತ್ತದೆ. ಇದನ್ನು ಬುದ್ಧಿಯ ಅಳತೆಯಾಗಿ ಯಾರ ಪರವಾಗಿಯೂ ಓದಬೇಡಿ.

ಎರಡನೆಯ ಮಾತಿನ ಮೂಲ 1995ರಲ್ಲಿ ಯೇಲ್ ವಿಶ್ವವಿದ್ಯಾಲಯದಿಂದ ಬಂದ ಅಧ್ಯಯನ. 19 ಗಂಡಸರು, 19 ಹೆಂಗಸರಿಗೆ ಪ್ರಾಸ ಗುರುತಿಸುವ ಕೆಲಸ ಕೊಟ್ಟಾಗ ಗಂಡಸರಲ್ಲಿ ಎಡಪಾಲು, ಹಲವು ಹೆಂಗಸರಲ್ಲಿ ಎರಡೂ ಪಾಲು ಚುರುಕಾದವು. ಆಮೇಲೆ ಅನೇಕ ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದಾಗ ಆ ವ್ಯತ್ಯಾಸ ನಿಲ್ಲಲಿಲ್ಲ. ತರಗತಿಯಲ್ಲಿ ಮಕ್ಕಳಿಗೆ ದಯವಿಟ್ಟು ಇದನ್ನು ಸತ್ಯವೆಂದು ಹೇಳಬೇಡಿ.

ಪ್ರಶ್ನೆ: ಕಣತಲೆಯ ಮೇಲಿಂದ ಡಾಪ್ಲರ್ (ಅಲ್ಟ್ರಾಸೌಂಡ್ ಅಲೆಗಳಿಂದ ರಕ್ತದ ವೇಗ ಅಳೆಯುವ ಯಂತ್ರ) ಹಿಡಿದು, ಮನಸ್ಸಿನಲ್ಲೇ ಲೆಕ್ಕ ಮಾಡುವಾಗಿನ ರಕ್ತದ ವೇಗವನ್ನು ಹುಡುಗ ಹುಡುಗಿಯರಲ್ಲಿ ಹೋಲಿಸುತ್ತಿದ್ದೇವೆ. ಹುಡುಗಿಯರದ್ದೇ ಹೆಚ್ಚು ಬರುತ್ತಿದೆ. ಏನೇನು ಗಮನಿಸಬೇಕು?
– ಶರೀರಕ್ರಿಯಾಶಾಸ್ತ್ರದ ವಿದ್ಯಾರ್ಥಿ, ಹುಬ್ಬಳ್ಳಿ

ಉತ್ತರ: ನಿಮ್ಮ ಯಂತ್ರ ಅಳೆಯುವುದು ವೇಗವನ್ನು, ಹರಿವಿನ ಪ್ರಮಾಣವನ್ನಲ್ಲ. ಇದನ್ನು ಮರೆತರೆ ಇಡೀ ಪ್ರಾಜೆಕ್ಟ್ ದಾರಿ ತಪ್ಪುತ್ತದೆ. ಒಬ್ಬರ ನಾಳ 3 ಮಿ.ಮೀ., ಇನ್ನೊಬ್ಬರದ್ದು 2.8 ಮಿ.ಮೀ. ಅಗಲ ಎಂದಿಟ್ಟುಕೊಳ್ಳಿ. ಒಂದೇ ಪ್ರಮಾಣದ ರಕ್ತ ಹರಿದರೂ ಕಿರಿದಾದ ನಾಳದಲ್ಲಿ ವೇಗ ಶೇ. 15ರಷ್ಟು ಹೆಚ್ಚು: ಸೆಕೆಂಡಿಗೆ 60 ಸೆಂ.ಮೀ. ಇದ್ದದ್ದು 69 ಆಗುತ್ತದೆ. ಆದ್ದರಿಂದ ಹುಡುಗಿಯ ಅಂಕಿಯನ್ನು ಹುಡುಗನ ಅಂಕಿಯ ಎದುರು ನೇರವಾಗಿ ಇಡಬಾರದು. ಪ್ರತಿಯೊಬ್ಬರ ಕೆಲಸದ ವೇಗವನ್ನು ಅವರದೇ ವಿಶ್ರಾಂತಿಯ ವೇಗದಿಂದ ಭಾಗಿಸಿ. 60ರಿಂದ 63ಕ್ಕೆ ಏರಿದ್ದೂ ಶೇ. 5, 70ರಿಂದ 73.5ಕ್ಕೆ ಏರಿದ್ದೂ ಶೇ. 5.

ಅಲೆ ಬಿಟ್ಟು ಹಿಡಿಯುವ 2 ಮೆಗಾಹರ್ಟ್ಸ್ ಪ್ರೋಬ್‌ಗೆ ಜೆಲ್ ಹಚ್ಚಿ, ಕೆನ್ನೆಮೂಳೆಯ ಮೇಲಂಚಿಗೆ ತುಸು ಮೇಲೆ, ಕಿವಿಯ ಮುಂದೆ ಇಡಿ. ಸುಮಾರು 50 ಮಿ.ಮೀ. ಆಳದಲ್ಲಿ ಪ್ರೋಬ್ ಕಡೆಗೆ ಬರುವ ಹರಿವು ಸಿಗಬೇಕು. ಸಿಕ್ಕಿದ್ದು ಮಿದುಳಿನ ಮಧ್ಯ ಅಪಧಮನಿಯೇ ಎಂದು ಖಾತ್ರಿಯಾಗಲು ಆಳವನ್ನು ನಿಧಾನವಾಗಿ 60–65ಕ್ಕೆ ಒಯ್ಯಿರಿ; ಅಲ್ಲಿ ನಾಳ ಕವಲೊಡೆಯುವುದರಿಂದ ಎರಡೂ ದಿಕ್ಕಿನ ಹರಿವು ಒಟ್ಟಿಗೆ ಕಾಣುತ್ತದೆ. ಆಮೇಲೆ ಹಿಂದಕ್ಕೆ ಬಂದು ಹೆಡ್‌ಬ್ಯಾಂಡ್ ಬಿಗಿಯಿರಿ. ಪ್ರೋಬ್ ಓರೆಯಾಗಿ ಅದರ ಅಲೆಗೂ ರಕ್ತದ ಹರಿವಿಗೂ ನಡುವಿನ ಕೋನ 0ಯಿಂದ 30 ಡಿಗ್ರಿಗೆ ಹೋದರೆ ವೇಗ ಶೇ. 13 ಕಡಿಮೆ ತೋರುತ್ತದೆ. ಅದಕ್ಕೇ ಉತ್ತರವನ್ನು ಬಾಯಿಬಿಟ್ಟು ಹೇಳಿಸಬೇಡಿ. ದವಡೆ ಆಡಿದಾಗ ಕಣತಲೆಯ ಸ್ನಾಯು ಉಬ್ಬಿ ಪ್ರೋಬ್ ಜರುಗುತ್ತದೆ. 1000ದಿಂದ ಏಳೇಳನ್ನು ಮೌನವಾಗಿ ಕಳೆಯಲಿ, ಕೊನೆಗೆ ಎಲ್ಲಿ ನಿಂತರೆಂದು ಕೇಳಿ. ಒಂದು ನಿಮಿಷ ವಿಶ್ರಾಂತಿ, ಅರ್ಧ ನಿಮಿಷ ಲೆಕ್ಕ. ಹೀಗೆ ಎಂಟು ಹತ್ತು ಸುತ್ತು ಮಾಡಿ ಸರಾಸರಿ ತೆಗೆಯಿರಿ.

ಬಹಳ ಮಂದಿ ಎಡವುವುದು ಉಸಿರಿನಲ್ಲಿ. ಲೆಕ್ಕದ ಆತಂಕಕ್ಕೆ ಉಸಿರಾಟ ಜೋರಾದರೆ ರಕ್ತದ ಇಂಗಾಲದ ಡೈಆಕ್ಸೈಡ್ ಇಳಿದು ಮಿದುಳಿನ ಸಣ್ಣ ನಾಳಗಳು ಕುಗ್ಗುತ್ತವೆ. ರಕ್ತದಲ್ಲಿ ಆ ಅನಿಲದ ಒತ್ತಡ 1 ಮಿ.ಮೀ. ಪಾದರಸದಷ್ಟು ಇಳಿದರೆ ಹರಿವು ಶೇ. 3ರಷ್ಟು ಇಳಿಯುತ್ತದೆ. 2 ಮಿ.ಮೀ. ಇಳಿದರೆ ನೀವು ಹುಡುಕುತ್ತಿರುವ ಶೇ. 5ರ ಏರಿಕೆಯೇ ಮುಚ್ಚಿಹೋಗುತ್ತದೆ. ಉಸಿರಿನ ಇಂಗಾಲದ ಡೈಆಕ್ಸೈಡ್ ಅಳೆಯುವ ಕ್ಯಾಪ್ನೋಗ್ರಾಫ್ ಇಲ್ಲದೆ ಹೆಣ್ಣು ಗಂಡಿನ ವ್ಯತ್ಯಾಸದ ಬಗ್ಗೆ ಒಂದು ಸಾಲೂ ಬರೆಯಬಾರದು ಎಂಬುದು ನಮ್ಮ ಖಚಿತ ಅಭಿಪ್ರಾಯ. ರಕ್ತದೊತ್ತಡವೂ ಲೆಕ್ಕದ ಒತ್ತಡಕ್ಕೆ ಏರುತ್ತದೆ, ಅದನ್ನೂ ದಾಖಲಿಸಿ. ಹಿಂದಿನ ರಾತ್ರಿಯಿಂದ ಕಾಫಿ, ಚಹಾ ಬೇಡ. ಕೆಫೀನ್ ನಾಳಗಳನ್ನು ಕುಗ್ಗಿಸುತ್ತದೆ. ಎಲ್ಲರ ಹಿಮೋಗ್ಲೋಬಿನ್, ಹುಡುಗಿಯರ ಋತುಚಕ್ರದ ದಿನ ಬರೆದಿಟ್ಟುಕೊಳ್ಳಿ.

ಮುಂದೆ ಹಿರಿಯರನ್ನೂ ಸೇರಿಸುವುದಾದರೆ ಒಂದು ಎಚ್ಚರಿಕೆ. ವಯಸ್ಸಾದ ಹೆಂಗಸರಲ್ಲಿ ಕಣತಲೆಯ ಮೂಳೆ ದಪ್ಪವಾಗಿ ಸಿಗ್ನಲ್ಲೇ ಬಾರದಿರುವುದು ಹೆಚ್ಚು. ಎಷ್ಟು ಮಂದಿಯನ್ನು ಹೀಗೆ ಕೈಬಿಟ್ಟಿರಿ ಎಂಬುದನ್ನು ಗಂಡು, ಹೆಣ್ಣು ಬೇರೆಬೇರೆಯಾಗಿ ನಮೂದಿಸಿ.

ಪ್ರಶ್ನೆ: ಡಾಪ್ಲರ್ ರಿಪೋರ್ಟಿನಲ್ಲಿ ನನ್ನ ಮಿದುಳಿನ ರಕ್ತದ ವೇಗ ಎರಡೂ ಕಡೆ ಮಾಮೂಲಿಗಿಂತ ಹೆಚ್ಚಿದೆ. ಹಿಮೋಗ್ಲೋಬಿನ್ 8. ತಲೆಗೆ ರಕ್ತ ಚೆನ್ನಾಗಿ ಹೋಗುತ್ತಿದೆ ಎಂದರ್ಥವೇ?
– ಗೃಹಿಣಿ, ಗದಗ

ಉತ್ತರ: ಇಲ್ಲ ತಾಯಿ. ಹಿಮೋಗ್ಲೋಬಿನ್ ಕಡಿಮೆಯಾಗಿ ರಕ್ತ ತೆಳ್ಳಗಾಗಿದೆ. ಆಮ್ಲಜನಕದ ಕೊರತೆ ತುಂಬಲು ಅದು ಬಿರುಸಾಗಿ ಓಡುತ್ತಿದೆ. ಹೆಂಗಸರಲ್ಲಿ 12ಕ್ಕಿಂತ ಕೆಳಗಿದ್ದರೆ ರಕ್ತಹೀನತೆ, 8 ಅಂತೂ ಚಿಕಿತ್ಸೆ ಬೇಕೇ ಬೇಕಾದ ಮಟ್ಟ. ರಕ್ತ ಕಡಿಮೆಯಾದ ಕಾರಣವನ್ನು ವೈದ್ಯರಿಂದ ಪತ್ತೆ ಮಾಡಿಸಿ. ಕಬ್ಬಿಣದ ಮಾತ್ರೆ ಬರೆದುಕೊಟ್ಟರೆ ಅದನ್ನು ಚಹಾದ ಜೊತೆ ನುಂಗಬೇಡಿ. ಹಿಮೋಗ್ಲೋಬಿನ್ ಏರಿದ ಮೇಲೆ ಡಾಪ್ಲರ್ ಮತ್ತೊಮ್ಮೆ ಮಾಡಿಸಿ. ಆಗಲೂ ವೇಗ ಇಳಿಯದಿದ್ದರೆ, ಅಥವಾ ಒಂದೇ ಕಡೆ ಹೆಚ್ಚು ಉಳಿದರೆ, ನಾಳ ಕಿರಿದಾಗಿದೆಯೇ ಎಂದು ನರರೋಗ ತಜ್ಞರು ನೋಡಬೇಕಾಗುತ್ತದೆ.