ಅಜ್ಜಿಯ ಸಹಿಗೆ ಬೆಲೆಯಿಲ್ಲವೇ?

ಪತ್ರ: ಕೆನಡಾದಲ್ಲಿ ಮನೆಯಿಂದ ವಸತಿಶಾಲೆಗಳಿಗೆ ಒಯ್ದ ಮೂಲನಿವಾಸಿ ಮಕ್ಕಳ ಬಗ್ಗೆ ಕಳೆದ ಸಂಚಿಕೆಯಲ್ಲಿ ಬರೆದಿದ್ದೀರಿ. ನಮ್ಮೂರಿನಲ್ಲಿ ತಂದೆತಾಯಿ ಇಲ್ಲದ ಇಬ್ಬರು ಮಕ್ಕಳು ಎಪ್ಪತ್ತು ದಾಟಿದ ಅಜ್ಜಿಯ ಬಳಿ ಇದ್ದಾರೆ. ಆಕೆಗೆ ಮಕ್ಕಳೆಂದರೆ ಪ್ರಾಣ, ಆದರೆ ವೃದ್ಧಾಪ್ಯ ವೇತನ ಬಿಟ್ಟರೆ ಬೇರೆ ಆದಾಯವಿಲ್ಲ. ಬಾಲಮಂದಿರಕ್ಕೆ ಸೇರಿಸುವುದು ಒಳ್ಳೆಯದಲ್ಲವೇ?
– ಒಬ್ಬ ಶಿಕ್ಷಕರು, ಮಧುಗಿರಿ ತಾಲ್ಲೂಕು

ಉತ್ತರ: ಬಂಧುಗಳ ಮನೆಯಲ್ಲಿ ಏಟು ತಿನ್ನುವ, ಶಾಲೆ ಬಿಟ್ಟು ಕುರಿ ಕಾಯುವ ಮಕ್ಕಳಿದ್ದಾರೆ, ಅವರಿಗೆ ಬಾಲಮಂದಿರ ಬೇಕು. ಸಿದ್ಧಗಂಗೆಯ ಊರಿನಲ್ಲಿದ್ದುಕೊಂಡು ವಿದ್ಯಾರ್ಥಿನಿಲಯಗಳನ್ನು ಹಳಿಯುವವನೂ ನಾನಲ್ಲ. ಆದರೆ ಮೇಷ್ಟ್ರೇ, ಆ ಅಜ್ಜಿಯ ಮನೆಯಲ್ಲಿ ಇಲ್ಲದಿರುವುದು ದುಡ್ಡು ಮಾತ್ರವೆಂದು ನಿಮ್ಮ ಪತ್ರವೇ ಹೇಳುತ್ತಿದೆ.

ಕೆನಡಾದಲ್ಲಿ 1,50,000ಕ್ಕೂ ಹೆಚ್ಚು ಮೂಲನಿವಾಸಿ ಮಕ್ಕಳನ್ನು ವಸತಿಶಾಲೆಗಳಿಗೆ ಒಯ್ದವರೂ ಊಟ, ಓದು ಕೊಡುತ್ತೇವೆಂದೇ ಹೇಳಿದ್ದರು. ಆ ಮಕ್ಕಳಲ್ಲಿ ಅನೇಕರು ತಮ್ಮ ಅಜ್ಜಿಯರೊಡನೆ ಆಡಬೇಕಾದ ಭಾಷೆಯನ್ನೇ ಕಳೆದುಕೊಂಡರು. ಅಮೆರಿಕದಲ್ಲಿ ಮೂಲನಿವಾಸಿಗಳ ನೂರು ಮಕ್ಕಳಲ್ಲಿ 25ರಿಂದ 35 ಮಕ್ಕಳು ಮನೆಯಿಂದ ಬೇರ್ಪಟ್ಟಿದ್ದಾರೆಂಬ ಸಮೀಕ್ಷೆಗಳು ಹೊರಬಂದ ಮೇಲೆ, 1978ರಲ್ಲಿ ಇಂಥ ಮಗುವನ್ನು ಒಪ್ಪಿಸುವಾಗ ಮೊದಲು ಬಂಧುಗಳು, ಆಮೇಲೆ ಅದೇ ಬುಡಕಟ್ಟಿನವರು, ಅನಂತರ ಇತರ ಮೂಲನಿವಾಸಿ ಕುಟುಂಬಗಳು ಎಂದು ಕ್ರಮ ಹಾಕಿಕೊಟ್ಟ ಕಾನೂನು ಬಂತು. 2023ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ನನಗೆ ಇನ್ನೂ ಹಿಡಿಸುವುದು ಮಾವೊರಿ ಎಂಬ ಮೂಲನಿವಾಸಿ ಜನರ ಒತ್ತಾಯವನ್ನು ಮನ್ನಿಸಿ ನ್ಯೂಜಿಲೆಂಡ್ 1989ರಲ್ಲಿ ತಂದ ಕುಟುಂಬ ಸಭೆ. ಅಲ್ಲಿ ಅಧಿಕಾರಿ ವಿಷಯವನ್ನು ತಿಳಿಸಿ ಹೊರಗೆ ಹೋಗುತ್ತಾನೆ. ಮಗುವನ್ನು ಯಾರು ಸಾಕಬೇಕೆಂದು ಅಜ್ಜಿ, ಮಾವ, ಚಿಕ್ಕಮ್ಮಂದಿರು ತಾವೇ ಕುಳಿತು ಮಾತಾಡಿಕೊಳ್ಳುತ್ತಾರೆ.

ನಮ್ಮ ಜಗಲಿಗಳ ಮೇಲೆ ಇಂಥ ಸಭೆಗಳು ಎಷ್ಟು ನಡೆದಿಲ್ಲ! ಶಿರಾ ಬಳಿಯ ನಮ್ಮ ಮನೆಯಲ್ಲಿ ಸೋದರತ್ತೆಯ ಮಗ ಬೆಳೆದದ್ದು ಹಾಗೆಯೇ. ಅತ್ತೆ ತೀರಿಕೊಂಡ ಹನ್ನೊಂದನೆಯ ದಿನ ಹಿರಿಯರು ಕುಳಿತರು, ಅಮ್ಮ ಅವನನ್ನು ಕರೆತಂದಳು, ಮರುದಿನದಿಂದ ತಪ್ಪಲೆಗೆ ಒಂದು ಮುದ್ದೆಯ ಹಿಟ್ಟು ಹೆಚ್ಚು ಬಿತ್ತು. ಅವನ ವಿದ್ಯಾರ್ಥಿವೇತನದ ಅರ್ಜಿಗೆ ಅಮ್ಮ ಸಹಿ ಹಾಕಿದಾಗ ಒಂದು ಕಚೇರಿ ಅದನ್ನು ಹಿಂದಿರುಗಿಸಿತು: ತಂದೆತಾಯಿಯ ಸಹಿ ಬೇಕು, ಇಲ್ಲವೇ ವಾರ್ಡನ್ನರ ಸಹಿ. ಹನ್ನೆರಡು ವರ್ಷ ಸಾಕಿದವಳಿಗೆ ಆ ಕಾಗದದಲ್ಲಿ ಒಂದು ಗೆರೆಯಷ್ಟೂ ಜಾಗವಿರಲಿಲ್ಲ. ಆ ಸಿಟ್ಟು ನನಗೆ ಇಂದಿಗೂ ಆರಿಲ್ಲ. ಕಟ್ಟಡ, ಅಡುಗೆಯವರು, ಕಾವಲುಗಾರರಿಗೆಲ್ಲ ಹಣ ಹೊಂದಿಸುವ ನಾವು ಸಾಕುವ ಕೈಗೆ ಕೊಡುವಾಗ ಮಾತ್ರ ಯಾಕೆ ಅನುಮಾನಪಡುತ್ತೇವೆ?

ನಮ್ಮ 2015ರ ಬಾಲನ್ಯಾಯ ಕಾಯ್ದೆಯೂ ಸಂಸ್ಥೆಗೆ ಸೇರಿಸುವುದು ಕೊನೆಯ ದಾರಿಯೆಂದೇ ಹೇಳುತ್ತದೆ. ಮಕ್ಕಳ ರಕ್ಷಣೆಗಾಗಿ ಕೇಂದ್ರ ಸರ್ಕಾರ ನಡೆಸುವ ಮಿಷನ್ ವಾತ್ಸಲ್ಯ ಯೋಜನೆಯ ಪ್ರಾಯೋಜಕತ್ವದಲ್ಲಿ ಬಂಧುಗಳ ಬಳಿ ಇರುವ ಅನಾಥ ಮಗುವಿಗೆ ತಿಂಗಳಿಗೆ 4,000 ರೂಪಾಯಿ ಸಿಗಲು ಅವಕಾಶವಿದೆ. ಅರ್ಜಿ ತುಮಕೂರಿನ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಹೋಗಬೇಕು. ಅಜ್ಜಿಗೆ ಬರೆಯಲು ಬಾರದಿದ್ದರೆ ನೀವು ತುಂಬಿಕೊಡಿ. ಪೋಷಕರ ಹೆಸರು ಕೇಳಿರುವಲ್ಲಿ ಆಕೆಯ ಹೆಸರನ್ನೇ ಬರೆಯಿರಿ.