ಸಿಂಗಪುರದಲ್ಲಿ ಸೇನಾ ಸೇವೆ ಮುಗಿಸಿದ ಯುವಕರಿಗೆ ಮನೆ ಎಟುಕದಿರುವುದು ವಿದೇಶಿಗರಿಂದಲೇ?

ಪೂರ್ತಿ ಹಾಗಲ್ಲ. ಪೈಪೋಟಿ ನಿಜವಾಗಿ ತಟ್ಟುವುದು ಕೆಲಸದಲ್ಲಿ. ಎರಡು ವರ್ಷದ ಕಡ್ಡಾಯ ಸೇವೆ ಮುಗಿಸಿ, ಪದವಿ ಪಡೆದು ಬರುವಷ್ಟರಲ್ಲಿ ಅದೇ ವಯಸ್ಸಿನ ವಿದೇಶಿಗನಿಗೆ ಎರಡು ವರ್ಷದ ಅನುಭವ ಸೇರಿರುತ್ತದೆ. ಆಮೇಲೂ ವರ್ಷಕ್ಕೆ 40 ದಿನದವರೆಗೆ ಮೀಸಲು ಪಡೆಯ ಕರೆ ಬರಬಹುದು. ಮೊದಲ ತಲೆಮಾರಿನ ಪಿಆರ್‌ಗಳಿಗೆ (ಕಾಯಂ ನಿವಾಸಿಗಳಿಗೆ) ಸಾಮಾನ್ಯವಾಗಿ ಈ ಹೊರೆಯೇ ಇಲ್ಲ, ಸಿಟ್ಟಿಗೆ ಕಾರಣವಿದೆ.

ಮನೆಯ ಕಥೆ ಬೇರೆ. ಸರ್ಕಾರಿ ವಸತಿ ಮಂಡಳಿ ಎಚ್‌ಡಿಬಿಯ ಹೊಸ ಫ್ಲ್ಯಾಟ್, ಅಂದರೆ ಬಿಟಿಒ, ವಿದೇಶಿಗರಿಗೆ ಸಿಗುವುದಿಲ್ಲ. ಪಿಆರ್ ದಂಪತಿಗೂ ಮರುಮಾರಾಟದ್ದು ಮಾತ್ರ, ಅದೂ 3 ವರ್ಷ ಕಾದ ಮೇಲೆ. ಖಾಸಗಿ ಮನೆಗೆ ಬಹುತೇಕ ವಿದೇಶಿಗರು 2023ರಿಂದ 60% ಹೆಚ್ಚುವರಿ ಸ್ಟಾಂಪ್ ಡ್ಯೂಟಿ ಕಟ್ಟಬೇಕು. ಅವರ ಒತ್ತಡ ಬೀಳುವುದು ಮುಖ್ಯವಾಗಿ ಬಾಡಿಗೆಯ ಮೇಲೆ. 35 ತುಂಬದ ಒಂಟಿ ನಾಗರಿಕನಿಗೆ ಬಿಟಿಒ ಇಲ್ಲದ್ದರಿಂದ ಅವನೂ ಅದೇ ಸಾಲಿನಲ್ಲಿ ನಿಲ್ಲಬೇಕು, ಇಲ್ಲವೇ ಅಪ್ಪ-ಅಮ್ಮನ ಮನೆಯಲ್ಲೇ ಇರಬೇಕು.

ಜೋಡಿಯಾಗಿದ್ದು ಇಬ್ಬರಿಗೂ 21 ಆಗಿದ್ದರೆ ಸೇವೆಯಲ್ಲಿರುವಾಗಲೇ ಬಿಟಿಒಗೆ ಅರ್ಜಿ ಹಾಕಬಹುದು. ಮೊದಲು ಎಚ್‌ಎಫ್‌ಇ ಪತ್ರ, ಅಂದರೆ ಫ್ಲ್ಯಾಟ್ ಕೊಳ್ಳಲು ಅರ್ಹತೆ ತಿಳಿಸುವ ಪತ್ರ ಬೇಕು. ಅದನ್ನು ಕೋರುವಾಗಲೇ ಆದಾಯ ಪರಿಶೀಲನೆ ಮುಂದೂಡಲು ಕೇಳಿ: ಇಬ್ಬರಲ್ಲಿ ಒಬ್ಬರು ಪೂರ್ಣಾವಧಿ ವಿದ್ಯಾರ್ಥಿ ಅಥವಾ ಸೇವೆಯಲ್ಲಿದ್ದರೆ, ಇಲ್ಲವೇ ಅದು ಮುಗಿದು 12 ತಿಂಗಳಾಗಿರದಿದ್ದರೆ ಸಾಕು. ಒಪ್ಪಂದಕ್ಕೆ ಸಹಿ ಹಾಕುವಾಗ ಬೆಲೆಯ 2.5% ಕಟ್ಟಿದರೆ ಆಯಿತು. ಆದರೆ ಕೀಲಿಕೈ ಪಡೆಯುವ ಮುಂಚೆ ಆದಾಯ ನೋಡಿಯೇ ಸಾಲ ನಿರ್ಧರಿಸುತ್ತಾರೆ, ಗರಿಷ್ಠ 75%. ಆಗ ಕೆಲಸವಿಲ್ಲದಿದ್ದರೆ ಉಳಿದದ್ದೆಲ್ಲ ಸಿಪಿಎಫ್ (ಕಡ್ಡಾಯ ಉಳಿತಾಯ ನಿಧಿ) ಮತ್ತು ಕೈಯಿಂದಲೇ.